ತುಂಗಭದ್ರಾ ಹಿನ್ನೀರಿನ ಹಕ್ಕಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸಪೇಟೆಯ ಅಣೆಕಟ್ಟೆಯಿಂದ ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಕಡೆಗೂ ಎದುರು ದಂಡೆಯಲ್ಲಿ ಕೊಪ್ಪಳದ ಹಳ್ಳಿಗಳ ಕಡೆಗೂ ಚಾಚಿಕೊಂಡ ಹಿನ್ನೀರಿಗೆ ಹಕ್ಕಿ ನೋಡಲು ಬರುವವರು ಹೊರಡುವ ಮುನ್ನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಇಲ್ಲಿನ ನೀರು, ಹೊಲ, ಹಕ್ಕಿ ಮೂರನ್ನೂ ಒಟ್ಟಿಗೆ ನೋಡುತ್ತ ಬೆಳೆದವರ ಕಡೆಯಿಂದ ಉತ್ತರಗಳು ಇಲ್ಲಿವೆ.

ಯಾವ ತಿಂಗಳು ಬಂದರೆ ಹೆಚ್ಚು ಹಕ್ಕಿ ಸಿಗುತ್ತವೆ?

ತಿಂಗಳು ನೋಡುವ ಮೊದಲು ನೀರಿನ ಮಟ್ಟ ನೋಡಿ. ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ಉಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ನೀವೇ ಉತ್ತರ ಕಂಡುಕೊಳ್ಳುತ್ತೀರಿ.

ಹೊಸಪೇಟೆಯ ಸುತ್ತ ಮಳೆ ಕಡಿಮೆ. ಜಲಾಶಯ ತುಂಬುವುದು ಮಲೆನಾಡಿನಲ್ಲಿ ಸುರಿದ ಮಳೆಯಿಂದ. ಪುನರ್ವಸು, ಪುಷ್ಯ ಮಳೆಗಳು ಅಲ್ಲಿ ಹೊಡೆದರೆ ತುಂಗೆ, ಭದ್ರೆ ಎರಡೂ ಕೆಂಪಾಗಿ ಹರಿದು ಜುಲೈ, ಆಗಸ್ಟ್ ಹೊತ್ತಿಗೆ ಇಲ್ಲಿ ನೀರು ಏರುತ್ತದೆ. ಆಮೇಲೆ ಎಡದಂಡೆ, ಬಲದಂಡೆ ಕಾಲುವೆಗಳಿಗೆ ಬಿಡುತ್ತ ಬಂದಂತೆ ಮಟ್ಟ ನಿಧಾನವಾಗಿ ಇಳಿಯುತ್ತದೆ. ಬೇಸಿಗೆಯ ಕೊನೆಗೆ ನೀರು ಹಳೆಯ ಹೊಳೆಯ ಪಾತ್ರದ ಕಡೆಗೆ ಸರಿದಿರುತ್ತದೆ.

ಜಲಾಶಯ ತುಂಬಿದಾಗ ನೋಡುವುದಕ್ಕೆ ಭವ್ಯ. ನೀರು ಸುಮಾರು 378 ಚದರ ಕಿಲೋಮೀಟರ್ ಹರಡುತ್ತದೆ. ಆದರೆ ಹಕ್ಕಿಗೆ ಆ ಆಳದಲ್ಲಿ ಕೆಲಸವಿಲ್ಲ. ಕೊಕ್ಕರೆಗೆ ಬೇಕಾದದ್ದು ಮೊಣಕಾಲುದ್ದದ ನೀರು, ಕೆಸರಿನಂಚಿನಲ್ಲಿ ಕುಕ್ಕಿ ಮೇಯುವ ಗೊರವಗಳಿಗೆ ಬೇಕಾದದ್ದು ಒದ್ದೆ ಕೆಸರು. ಇಲ್ಲಿನ ನೆಲ ಬಹುಪಾಲು ಸಮತಟ್ಟು. ಮಟ್ಟ ಒಂದಡಿ ಇಳಿದರೆ ಅಂಚು ಬಹುದೂರ ಹಿಂದೆ ಸರಿಯುತ್ತದೆ, ಹುಳು, ಬಸವನಹುಳು, ಸಣ್ಣ ಮೀನುಗಳೆಲ್ಲ ಬಯಲಾಗುತ್ತವೆ. ಹಾಗಾಗಿ ನವೆಂಬರ್‌ನಿಂದ ಮೇವರೆಗಿನ ಅವಧಿಯೇ ಹಿನ್ನೀರಿನ ಹಕ್ಕಿಗಾಲ. ಒಂದೇ ಸಲ ಬರಲು ಸಾಧ್ಯವಿದ್ದರೆ ಜನವರಿಯ ಕೊನೆ ಅಥವಾ ಫೆಬ್ರವರಿಯ ಮೊದಲ ವಾರಗಳಲ್ಲಿ ಬನ್ನಿ. ಆಗ ವಲಸೆ ಹಕ್ಕಿಗಳು ಇನ್ನೂ ಹೊರಟಿರುವುದಿಲ್ಲ, ಕೆಸರೂ ಸಾಕಷ್ಟು ತೆರೆದಿರುತ್ತದೆ, ಬಿಸಿಲೂ ತಡೆಯುವಂತಿರುತ್ತದೆ.

ನೀರಿನ ಮಟ್ಟ ತಿಳಿಯುವುದು ಹೇಗೆ?

ಕನ್ನಡ ದಿನಪತ್ರಿಕೆಗಳಲ್ಲಿ ಜಲಾಶಯಗಳ ಮಟ್ಟದ ಪಟ್ಟಿ ಬರುತ್ತದೆ. ತುಂಗಭದ್ರಾ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,633 ಅಡಿ. ಇಂದಿನ ಮಟ್ಟ ಅದಕ್ಕೆ ಹತ್ತಿರವಿದ್ದರೆ ನೀರು ಹೊಲದ ಬದುವಿನವರೆಗೆ ನಿಂತಿದೆ ಎಂದೇ ಲೆಕ್ಕ. ಆಗ ಹಿನ್ನೀರು ಬಿಟ್ಟು ಸುತ್ತಲಿನ ಕೆರೆಗಳ ಯೋಚನೆ ಮಾಡಿ. ಒಳಹರಿವು, ಹೊರಹರಿವು ಎಂಬ ಎರಡು ಅಂಕಣಗಳನ್ನೂ ಗಮನಿಸಿ. ಹೊರಹರಿವು ಹೆಚ್ಚಿದ್ದು ಮಟ್ಟ ದಿನದಿನವೂ ಇಳಿಯುತ್ತಿದ್ದರೆ ಹೊಸ ಕೆಸರು ತೆರೆಯುತ್ತಿದೆ ಎಂದರ್ಥ. ಹಕ್ಕಿಗಳು ಮುಗಿಬೀಳುವುದು ಅಂಥ ದಿನಗಳಲ್ಲೇ.

ಪ್ರತಿವರ್ಷವೂ ಒಂದೇ ಕ್ರಮ ಇರುತ್ತದೆಂದು ನಂಬಿ ಟಿಕೆಟ್ ಮಾಡಿಸಬೇಡಿ. 2024ರ ಆಗಸ್ಟ್ 10ರ ರಾತ್ರಿ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ, ತುಂಬಿದ್ದ ಜಲಾಶಯದಿಂದ ಅಪಾರ ನೀರು ಹೊರಗೆ ಹೋಯಿತು. ಸುಮಾರು ಒಂದು ವಾರದ ನಂತರ ತಾತ್ಕಾಲಿಕ ಗೇಟ್ ಕೂರಿಸಿದ ಮೇಲೆ, ಹಿಂದೆಯೇ ಬಂದ ಮಳೆಯಿಂದ ಮತ್ತೆ ನೀರು ಏರಿತು. ಬರದ ವರ್ಷಗಳಲ್ಲಿ ದೀಪಾವಳಿಗೇ ಬೇಸಿಗೆಯ ಅಂಚು ಕಾಣಿಸುವುದೂ ಉಂಟು.

ಹೂಳು ತುಂಬಿದ್ದರಿಂದ ಹಕ್ಕಿಗಳಿಗೆ ತೊಂದರೆ ಆಗಿಲ್ಲವೇ?

ರೈತನ ಕಡೆಯಿಂದ ನೋಡಿದರೆ ಹೂಳು ದೊಡ್ಡ ನಷ್ಟ. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಈಗ 105.788 ಟಿಎಂಸಿ ಅಡಿಗೆ ಇಳಿದಿದೆ. ಕಾಲುವೆಯ ಕೊನೆಯ ಭಾಗದ ಹೊಲಕ್ಕೆ ನೀರು ಮುಟ್ಟದಿರಲು ಇದೂ ಒಂದು ಕಾರಣ, ಅದನ್ನು ಹಗುರವಾಗಿ ಕಾಣುವಂತಿಲ್ಲ.

ಹಕ್ಕಿಯ ಕಡೆಯಿಂದ ನೋಡಿದರೆ ಕಥೆ ಬೇರೆ. ಹರಿದು ಬರುವ ನೀರು ಜಲಾಶಯದ ನಿಂತ ನೀರಿಗೆ ಸೇರುವಲ್ಲಿ ವೇಗ ಕಳೆದುಕೊಳ್ಳುತ್ತದೆ, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತದೆ. ಹೀಗೆ ಮೇಲ್ಭಾಗದಲ್ಲಿ ವಿಶಾಲವಾದ, ಆಳವಿಲ್ಲದ ಮಣ್ಣಿನ ಬಯಲುಗಳು ಎದ್ದಿವೆ. ನೀವು ಚಳಿಗಾಲದಲ್ಲಿ ಹಕ್ಕಿ ನೋಡುವುದು ಬಹುಮಟ್ಟಿಗೆ ಆ ಬಯಲುಗಳ ಮೇಲೆ.

ಮಳೆಗಾಲದಲ್ಲಿ ಬಂದರೆ ಏನೂ ಸಿಗುವುದಿಲ್ಲವೇ?

ಸಿಗುತ್ತವೆ, ಆದರೆ ನೀರಿಗೆ ಬೆನ್ನು ಮಾಡಿ ಹೊಲದ ಕಡೆ ನೋಡಬೇಕು. ಜಾಲಿ, ಈಚಲು ಮರಗಳಲ್ಲಿ ಗೀಜುಗಗಳು ಗೂಡು ನೇಯುತ್ತಿರುತ್ತವೆ. ಅರ್ಧ ನೇಯ್ದ ಗೂಡಿಗೆ ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುವುದು, ಒಪ್ಪಿಗೆಯಾಗದೆ ಹಾರಿಹೋದರೆ ಗಂಡು ಇನ್ನೊಂದು ಗೂಡು ಶುರುಮಾಡುವುದು, ಇದನ್ನು ಒಂದು ಮುಂಜಾನೆ ಕೂತು ನೋಡುವುದಕ್ಕೇ ಬರಬಹುದು. ನೀರು ನಿಂತ ಗದ್ದೆಗಳಲ್ಲಿ ಕೊಳದ ಬಕ, ಗೋವಕ್ಕಿ, ಕೆಂಬರಲುಗಳು. ಗೋವಕ್ಕಿಗಳಿಗೆ ಈ ಕಾಲದಲ್ಲಿ ತಲೆ, ಕತ್ತು ಕಾವಿ ಬಣ್ಣಕ್ಕೆ ತಿರುಗಿರುತ್ತವೆ. ಬೇಸಿಗೆಯಲ್ಲಷ್ಟೇ ನೋಡಿದವರು ಬೇರೆ ಹಕ್ಕಿ ಎಂದುಕೊಳ್ಳುತ್ತಾರೆ.

ಆಗಸ್ಟ್ ಕೊನೆಯಲ್ಲಿ, ಹುಬ್ಬೆ ಮಳೆಯ ಆಸುಪಾಸಿಗೆ ಗುಲಾಬಿ ಕಬ್ಬಕ್ಕಿಗಳ ಮೊದಲ ಗುಂಪುಗಳು ಮಧ್ಯ ಏಷ್ಯಾದ ಕಡೆಯಿಂದ ಬಂದಿಳಿಯುತ್ತವೆ. ವಲಸೆಯ ಕಾಲ ಆರಂಭವಾಯಿತೆಂದು ನಮಗೆ ತಿಳಿಯುವುದು ಇವುಗಳಿಂದ. ಜೋಳ ಹಾಲುತುಂಬುವ ಹೊತ್ತಿಗೆ ಇವು ಹೊಲದ ಮೇಲೆ ಸಾವಿರ ಸಂಖ್ಯೆಯಲ್ಲಿ ಒಟ್ಟಿಗೆ ಹೊರಳುತ್ತವೆ. ಜೋಳ ತಿನ್ನುವುದೂ ನಿಜ, ಮಿಡತೆಗಳನ್ನು ಮುಕ್ಕುವುದೂ ನಿಜ.

ಅಂಕಸಮುದ್ರಕ್ಕೆ ಹೋಗಲೇಬೇಕೇ?

ಹೋಗಲೇಬೇಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಕೆರೆ ಸುಮಾರು 98 ಹೆಕ್ಟೇರ್ ವಿಸ್ತಾರದ್ದು, ನೀರಾವರಿಗೆಂದು ಕಟ್ಟಿದ ಹಳೆಯ ಕೆರೆ. ಈಗ ಪಕ್ಷಿ ಸಂರಕ್ಷಣಾ ಮೀಸಲು. 2024ರ ಜನವರಿ ಕೊನೆಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದೇ ಸಲ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆಯೂ ಸೇರಿದವು. ಅದಕ್ಕೆ ಮುನ್ನ ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ.

ಕೆರೆಯೊಳಗೆ ಕರಿಜಾಲಿ ಮರಗಳು ನಿಂತಿವೆ. ಕೆರೆಗೆ ನೀರು ಬಂದು ಅವುಗಳ ಬುಡ ಮುಳುಗಿದರೆ ಬೆಕ್ಕು, ನರಿ, ನಾಯಿ ಯಾವುದೂ ಗೂಡಿನ ಹತ್ತಿರ ಸುಳಿಯಲಾರವು. ಈ ಭದ್ರತೆಗಾಗಿಯೇ ಬಣ್ಣದ ಕೊಕ್ಕರೆ, ಬಾಯ್ಕಳಕ, ಕೆಂಬರಲು, ನೀರುಕಾಗೆ, ರಾತ್ರಿ ಬಕಗಳು ಒಂದೇ ಮರದಲ್ಲಿ ಮಹಡಿ ಮಹಡಿಯಾಗಿ ಸಂಸಾರ ಹೂಡುತ್ತವೆ. ಗೂಡು ಕಟ್ಟುವವು, ರಾತ್ರಿ ತಂಗುವವು ಎಲ್ಲ ಸೇರಿ ಇಲ್ಲಿ 30,000ಕ್ಕೂ ಹೆಚ್ಚು ನೀರುಹಕ್ಕಿಗಳಿರುತ್ತವೆಂದು ರಾಮ್ಸರ್ ಘೋಷಣೆಯ ವೇಳೆ ದಾಖಲಾಗಿದೆ.

ಬಾಯ್ಕಳಕವನ್ನು ದುರ್ಬೀನಿನಲ್ಲಿ ನೋಡುವಾಗ ಕೊಕ್ಕನ್ನೇ ಹಿಡಿದು ನೋಡಿ. ಕೊಕ್ಕು ಮುಚ್ಚಿದ್ದರೂ ನಡುವೆ ಬೆಳಕು ಹಾಯುವಷ್ಟು ಸಂದು ಇರುತ್ತದೆ. ಇದರ ಮುಖ್ಯ ಆಹಾರ ಬಸವನಹುಳು. ಚಿಪ್ಪನ್ನು ನೆಲಕ್ಕೆ ಒತ್ತಿ ಹಿಡಿದು, ಕೆಳಕೊಕ್ಕಿನ ತುದಿಯನ್ನು ಮುಚ್ಚಳದ ಅಡಿಗೆ ತೂರಿಸಿ, ಒಳಗಿನ ಮಾಂಸವನ್ನು ಎಳೆದುಕೊಳ್ಳುತ್ತದೆ. ಚಿಪ್ಪು ಒಡೆಯುವುದೇ ಇಲ್ಲ. ಮರಿಹಕ್ಕಿಯ ಕೊಕ್ಕಿನಲ್ಲಿ ಈ ಸಂದು ಇರುವುದಿಲ್ಲ, ಬೆಳೆದಂತೆ ಮೂಡುತ್ತದೆ. ಬಣ್ಣದ ಕೊಕ್ಕರೆಯ ಬೇಟೆಯ ರೀತಿಯೇ ಬೇರೆ. ಅರ್ಧ ತೆರೆದ ಕೊಕ್ಕನ್ನು ನೀರಿನಲ್ಲಿ ಇಳಿಬಿಟ್ಟು, ಕಾಲಿನಿಂದ ಕೆಸರು ಕಲಕಿ, ಮೀನು ತಗುಲಿದ ಕ್ಷಣಕ್ಕೆ ಕಚ್ಚುತ್ತದೆ. ಕಣ್ಣಿನ ಕೆಲಸ ಅಲ್ಲಿ ಕಡಿಮೆ, ನೀರು ಬಗ್ಗಡವಾಗಿದ್ದರೂ ಅದರ ಹೊಟ್ಟೆ ತುಂಬುತ್ತದೆ.

ಹೊಸಪೇಟೆಯಿಂದ ಮರಿಯಮ್ಮನಹಳ್ಳಿ ಮೇಲೆ ಹಗರಿಬೊಮ್ಮನಹಳ್ಳಿಗೆ ಬಸ್ ಇವೆ. ಅಲ್ಲಿಂದ ಆಟೊ ಮಾಡಿಕೊಳ್ಳಿ. ಸಂಜೆ ಸೂರ್ಯ ಇಳಿಯುವ ಮುನ್ನ ಕೆರೆ ಏರಿಯ ಮೇಲೆ ಇರಿ, ಮೇಯಲು ಹೋದ ಹಕ್ಕಿಗಳು ಸಾಲುಸಾಲಾಗಿ ಮರಳುವ ಹೊತ್ತು ಅದು.

ಹಿಮಾಲಯ ದಾಟಿ ಬರುವ ಹೆಬ್ಬಾತುಗಳು ಇಲ್ಲಿ ಕಾಣುತ್ತವೆಯೇ?

ಪಟ್ಟೆತಲೆ ಹೆಬ್ಬಾತುಗಳು ಹಿನ್ನೀರಿನಲ್ಲೂ ಇಳಿಯುತ್ತವೆ. ಆದರೆ ಖಚಿತವಾಗಿ, ದೊಡ್ಡ ಸಂಖ್ಯೆಯಲ್ಲಿ ನೋಡಬೇಕೆಂದರೆ ಒಂದು ದಿನ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಮೀಸಲಿಡಿ. 50 ಹೆಕ್ಟೇರ್‌ನಷ್ಟಿರುವ ಸಾಧಾರಣ ಕೆರೆ ಅದು. ಚಳಿಗಾಲದಲ್ಲಿ ಅಲ್ಲಿ ಸುಮಾರು 8,000 ಹಕ್ಕಿಗಳು ಸೇರುತ್ತವೆ. ದಕ್ಷಿಣ ಭಾರತದಲ್ಲಿ ಈ ಹೆಬ್ಬಾತುಗಳು ಚಳಿಗಾಲ ಕಳೆಯುವ ಪ್ರಮುಖ ತಾಣಗಳಲ್ಲಿ ಒಂದು.

ಇವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಪ್ರಸ್ಥಭೂಮಿಯ ಸರೋವರಗಳಲ್ಲಿ. ಉಪಗ್ರಹ ಸಾಧನ ಅಳವಡಿಸಿದ ಹೆಬ್ಬಾತುಗಳು 7,290 ಮೀಟರ್ ಎತ್ತರದವರೆಗೂ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದೂ ಉಂಟು. ಗುಂಪು ನೋಡುವಾಗ ಕೊರಳುಗಳ ಮೇಲೆ ಕಣ್ಣಿಡಿ. ಪಟ್ಟಿ ಇದ್ದರೆ ಬಣ್ಣ, ಅದರ ಮೇಲಿನ ಅಕ್ಷರ ಅಂಕಿಗಳನ್ನು ಬರೆದುಕೊಳ್ಳಿ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಬಂದು ಮಾರ್ಚ್ ವೇಳೆಗೆ ಹೊರಡುತ್ತವೆ.

ಹಗಲಿನ ಬಹುಭಾಗ ಇವು ನೀರಿನ ಮೇಲೆ ವಿಶ್ರಮಿಸುತ್ತವೆ, ಕತ್ತಲು ಮತ್ತು ನಸುಕಿನಲ್ಲಿ ಹೊಲಗಳಿಗೆ ಮೇಯಲು ಹೋಗುತ್ತವೆ. ಬೆಳಿಗ್ಗೆ ಗುಂಪುಗುಂಪಾಗಿ ಮರಳಿ ಕೆರೆಗಿಳಿಯುವ ದೃಶ್ಯ ಬೇಕಾದವರು ಅವು ಬರುವ ಮುಂಚೆಯೇ ಏರಿಯ ಮೇಲಿರಬೇಕು.

ಅಂದರೆ ರೈತರ ಬೆಳೆ ಹಾಳಾಗುತ್ತದಲ್ಲವೇ?

ಆಗುತ್ತದೆ. ಎಳೆಯ ಕಡಲೆ, ಶೇಂಗಾ, ಗೋಧಿ ಇದ್ದ ಹೊಲಕ್ಕೆ ಹೆಬ್ಬಾತು ಇಳಿದರೆ ಬೆಳಗಾಗುವಷ್ಟರಲ್ಲಿ ನಷ್ಟ ಕಣ್ಣಿಗೆ ಕಾಣುತ್ತದೆ. ಹಕ್ಕಿ ನೋಡಲು ದೂರದಿಂದ ಬಂದವರು ಇದನ್ನು ಅಲ್ಲಗಳೆಯುವುದು ತಪ್ಪು. ಈ ಹಕ್ಕಿಗಳು ಇನ್ನೂ ಇಲ್ಲಿಗೆ ಬರುತ್ತಿದ್ದರೆ ಅದಕ್ಕೆ ಮೊದಲ ಕಾರಣ ಇಲ್ಲಿನ ರೈತರು ಅವಕ್ಕೆ ಕಲ್ಲು ಬೀಸದೆ ತಾಳಿಕೊಂಡದ್ದು. ಕೆರೆ ದಂಡೆಯಲ್ಲಿ ಯಾರಾದರೂ ಸಿಟ್ಟಿನಿಂದ ಮಾತಾಡಿದರೆ ಕೇಳಿಸಿಕೊಳ್ಳಿ. ಹೊಲದೊಳಗೆ ಕಾಲಿಡುವ ಮುನ್ನ "ಯಜಮಾನರೇ, ಈ ಬದುವಿನ ಮೇಲೆ ಹೋಗಬಹುದೇ?" ಎಂದು ಕೇಳಿ. ಬಹುತೇಕ ಸಲ ಹೋಗಲು ಬಿಡುವುದಷ್ಟೇ ಅಲ್ಲ, ಹಕ್ಕಿ ನಿನ್ನೆ ಯಾವ ಕಡೆ ಇದ್ದವೆಂದೂ ಹೇಳುತ್ತಾರೆ. ಕುರಿಗಾಹಿಗಳು ಮತ್ತು ಮೀನುಗಾರರಿಗೆ ತಿಳಿದಷ್ಟು ಯಾವ ಆ್ಯಪ್‌ಗೂ ತಿಳಿದಿರುವುದಿಲ್ಲ.

ಬಾತುಗಳೆಲ್ಲ ಒಂದೇ ತರಹ ಕಾಣುತ್ತವೆ. ಗುರುತಿಸುವುದು ಹೇಗೆ?

ಅಕ್ಟೋಬರ್‌ನಲ್ಲಿ ಬಂದರೆ ನಿಮ್ಮ ಗೊಂದಲಕ್ಕೆ ಸಕಾರಣವಿದೆ. ವಲಸೆ ಬಂದ ಗಂಡು ಬಾತುಗಳು ಆಗಿನ್ನೂ ಗರಿ ಬದಲಿಸುತ್ತಿರುತ್ತವೆ, ಹೆಣ್ಣಿನಂತೆಯೇ ಕಂದಾಗಿರುತ್ತವೆ. ಡಿಸೆಂಬರ್ ಕಳೆಯಲಿ, ಗಂಡುಗಳು ಬಣ್ಣ ತುಂಬಿಕೊಂಡು ದೂರದಿಂದಲೇ ಹೆಸರು ಹೇಳುವಂತಾಗುತ್ತವೆ. ಸೂಜಿಬಾಲದ ಬಾತಿಗೆ ನೀಳ ಕತ್ತು, ಕಂದು ತಲೆ, ಎದೆಯಿಂದ ಕತ್ತಿಗೆ ಏರುವ ಬಿಳಿ ಗೆರೆ. ಬಿಳಿಹುಬ್ಬಿನ ಬಾತಿಗೆ ಕಣ್ಣಿನ ಮೇಲಿಂದ ಹಿಂದಕ್ಕೆ ಬಾಗಿದ ದಪ್ಪ ಬಿಳಿ ಹುಬ್ಬು. ಸಲಿಕೆಯಂತೆ ಅಗಲವಾದ ಕೊಕ್ಕನ್ನು ನೀರಿಗೆ ಹಚ್ಚಿ ಗುಂಪಾಗಿ ಸುತ್ತುತ್ತಿದ್ದರೆ ಅದು ಶೊವೆಲರ್. ಎದ್ದು ಕಾಣುವ ಕಿತ್ತಳೆ ಕಂದು ಮೈ, ಮಸುಕು ತಲೆ, ಜೋಡಿಜೋಡಿಯಾಗಿ ದಂಡೆಯ ಮೇಲೆ ನಿಂತಿದ್ದರೆ ಕಂದು ಬಾತು. ನಮ್ಮ ಕಾವ್ಯಗಳ ಚಕ್ರವಾಕ ಇದೇ.

ಬಣ್ಣ ಕಾಣದಷ್ಟು ದೂರವಿದ್ದರೆ ಮೇಯುವ ರೀತಿ ನೋಡಿ. ಕೆಲವು ತಲೆ ಮುಳುಗಿಸಿ ಬಾಲ ಮೇಲೆತ್ತುತ್ತವೆ, ಕೆಲವು ಪೂರ್ತಿ ಮುಳುಗಿ ಬೇರೆಡೆ ಏಳುತ್ತವೆ. ಗುಂಡಗೆ, ಕಪ್ಪಗೆ, ಹಣೆಗೆ ಬಿಳಿ ನಾಮ ಹಾಕಿಕೊಂಡದ್ದು ಬಾತಲ್ಲ, ನಾಮದ ಕೋಳಿ. ಕೊಕ್ಕಿನ ತುದಿಗೆ ಹಳದಿ ಇರುವ ಚುಕ್ಕೆ ಕೊಕ್ಕಿನ ಬಾತು ವಲಸಿಗನಲ್ಲ, ವರ್ಷವಿಡೀ ಇಲ್ಲೇ ಇರುತ್ತದೆ.

ಕೆಸರಿನ ಅಂಚಿನ ಸಣ್ಣ ಕಂದು ಹಕ್ಕಿಗಳು?

ಹೊಸಬರು ಕೈಬಿಡುವುದು ಇಲ್ಲೇ. ಕೈಬಿಡಬೇಡಿ, ಹಿನ್ನೀರಿನ ನಿಜವಾದ ಸಂಪತ್ತು ಇವು. ಬಣ್ಣ ಬದಿಗಿಟ್ಟು ನಡೆ ನೋಡಿ.

ಬಾಲವನ್ನು ನಿಲ್ಲಿಸದೆ ಮೇಲೆ ಕೆಳಗೆ ಕುಣಿಸುತ್ತ, ಒಂಟಿಯಾಗಿ ಅಂಚಿನುದ್ದಕ್ಕೂ ನಡೆಯುವುದು ಸಾಮಾನ್ಯ ಗದ್ದೆಗೊರವ. ಭುಜದ ಮುಂದೆ ಬಿಳಿಯ ಬಣ್ಣ ಮೇಲಕ್ಕೆ ಚಾಚಿರುತ್ತದೆ. ಎದ್ದರೆ ನೀರಿಗೆ ತಾಗಿದಂತೆ, ರೆಕ್ಕೆಗಳನ್ನು ಬಿಗಿಯಾಗಿ ಅದುರಿಸುತ್ತ ಹಾರುತ್ತದೆ. ಹಳದಿ ಕಾಲು, ಚುಕ್ಕೆ ಚುಕ್ಕೆಯ ಬೆನ್ನು, ಕಣ್ಣ ಮೇಲೆ ಬಿಳಿ ಪಟ್ಟೆ ಇದ್ದರೆ ಅಡವಿ ಗದ್ದೆಗೊರವ. ನಾಲ್ಕು ಹೆಜ್ಜೆ ಓಡಿ, ಥಟ್ಟನೆ ನಿಂತು, ಬಾಗಿ ಕುಕ್ಕಿ, ಮತ್ತೆ ಓಡುವುದು ಪ್ಲೋವರ್. ಕಣ್ಣ ಸುತ್ತ ಹಳದಿ ಉಂಗುರ, ಕೊರಳಿಗೆ ಕಪ್ಪು ಪಟ್ಟಿ ಕಂಡರೆ ಚಿಕ್ಕ ಉಂಗುರ ಪ್ಲೋವರ್ ಎಂದು ಬರೆದುಕೊಳ್ಳಿ. ಇವೆಲ್ಲಕ್ಕಿಂತ ಪುಟ್ಟದು, ಗುಬ್ಬಿಯಷ್ಟು, ಹೊಲಿಗೆ ಯಂತ್ರದ ಸೂಜಿಯಂತೆ ಬಿಡುವಿಲ್ಲದೆ ಕುಕ್ಕುವುದು ಲಿಟಲ್ ಸ್ಟಿಂಟ್. ಇಷ್ಟು ಪುಟ್ಟ ಜೀವ ಮರಿ ಮಾಡಲು ಉತ್ತರ ಧ್ರುವದ ಸುತ್ತಲಿನ ಟಂಡ್ರಾಗೆ ಹೋಗುತ್ತದೆ. ಕೆಂಪು ಕಡ್ಡಿಕಾಲಿನ ಮೆಟ್ಟುಗಾಲು ಹಕ್ಕಿಯನ್ನು ಯಾರೂ ತಪ್ಪಿಸಿಕೊಳ್ಳಲಾರರು.

ಮೊದಲ ದಿನ ಈ ಐದನ್ನು ಕಲಿತರೆ ಸಾಕು.

ರಾಜಹಂಸಗಳು ಯಾವಾಗ?

ಬರುವ ವರ್ಷವೂ ಉಂಟು, ಬಾರದ ವರ್ಷವೂ ಉಂಟು. ಬಂದರೆ ನೀರು ಚೆನ್ನಾಗಿ ಇಳಿದ ಮೇಲೆ, ಬೇಸಿಗೆ ಕಾಲಿಡುವ ಹೊತ್ತಿಗೆ. ತಲೆಯನ್ನು ತಲೆಕೆಳಗು ಮಾಡಿ, ಕೊಕ್ಕಿನಲ್ಲಿ ಕೆಸರುನೀರನ್ನು ಸೋಸಿ ತಿನ್ನುವ ಹಕ್ಕಿಗೆ ಮೊಣಕಾಲುದ್ದದ, ಜೀವಾಣು ತುಂಬಿದ ನೀರೇ ಬೇಕು. ಗುಲಾಬಿ ಬಣ್ಣ ಬರುವುದೂ ಆ ಆಹಾರದಿಂದ. ಮರಿಗಳು ಬೂದು ಬಣ್ಣದವು. ಸುದ್ದಿ ಕೇಳಿ ಓಡಿಬಂದವರು ಗುಂಪನ್ನು ಎಬ್ಬಿಸಿ ಹಾರುವ ಫೋಟೊ ತೆಗೆಯುವ ಕೆಟ್ಟ ಚಾಳಿ ಬೆಳೆಸಿಕೊಂಡಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ, ಮಾಡುವವರನ್ನು ತಡೆಯಿರಿ. ದೂರದ ಹಾರಾಟಕ್ಕೆ ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹಕ್ಕಿಗೆ ಪ್ರತಿ ಅನಗತ್ಯ ಹಾರಾಟವೂ ನಷ್ಟ, ದಂಡೆಯ ವಿದ್ಯುತ್ ತಂತಿಗೆ ಬಡಿಯುವ ಅಪಾಯವೂ ಇದೆ.

ಏಪ್ರಿಲ್, ಮೇ ಬಿಸಿಲಿನಲ್ಲಿ ಬಂದು ನೋಡುವಂಥದ್ದು ಏನಿದೆ?

ನನ್ನ ಮಟ್ಟಿಗೆ ಇಡೀ ವರ್ಷದ ಅತಿ ಮುಖ್ಯ ಅಧ್ಯಾಯ ಇದೇ. ವಲಸಿಗರು ಹೊರಟುಹೋದ ಮೇಲೆ, ನೀರಿನಿಂದ ಎದ್ದ ನಡುಗಡ್ಡೆಗಳಲ್ಲಿ, ಮರಳು ದಿಬ್ಬಗಳಲ್ಲಿ ಇಲ್ಲಿಯವೇ ಆದ ಹಕ್ಕಿಗಳು ಬರಿನೆಲದ ಮೇಲೆ ಮೊಟ್ಟೆ ಇಡುತ್ತವೆ. ನದಿ ರೀವ (ರಿವರ್ ಟರ್ನ್), ಸಣ್ಣ ಪ್ರಾಟಿಂಕೋಲ್, ಟಿಟ್ಟಿಭ, ಚಿಕ್ಕ ಉಂಗುರ ಪ್ಲೋವರ್ ಇವುಗಳಲ್ಲಿ ಮುಖ್ಯವಾದವು. ಕಡ್ಡಿ ಕಸದ ಗೂಡಿಲ್ಲ. ಮರಳಿನಲ್ಲಿ ಒಂದು ಅಂಗೈಯಗಲದ ತಗ್ಗು, ಕೆಲವು ಹರಳು, ಅಷ್ಟೇ. ಮೊಟ್ಟೆಯ ಬಣ್ಣ ಸುತ್ತಲಿನ ಕಲ್ಲಿನದೇ. ಕಾಲ ಕೆಳಗೇ ಇದ್ದರೂ ಕಾಣುವುದಿಲ್ಲ.

ಒಂದು ಟಿಟ್ಟಿಭದ ಜೋಡಿಯನ್ನು ದೂರದಿಂದ ಮಧ್ಯಾಹ್ನದವರೆಗೆ ನೋಡಿ. ಬಿಸಿಲು ಏರಿದ ಮೇಲೆ ಹಕ್ಕಿ ಮೊಟ್ಟೆಗೆ ಕಾವು ಕೊಡುವ ಬದಲು ನೆರಳು ಕೊಡುತ್ತದೆ, ಕಾಲು ಅರ್ಧ ಮಡಚಿ, ರೆಕ್ಕೆ ಸಡಿಲಿಸಿ, ಬಾಯಿ ತೆರೆದು ತೇಕುತ್ತ ನಿಲ್ಲುತ್ತದೆ. ಒಂದು ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ, ಇನ್ನೊಂದು ಎದ್ದು ಹೋಗುತ್ತದೆ. ಹತ್ತು ನಿಮಿಷ ಯಾರಾದರೂ ಹತ್ತಿರ ನಿಂತು ಈ ಪಾಳಿ ತಪ್ಪಿಸಿದರೆ ಮೊಟ್ಟೆಯೊಳಗಿನ ಜೀವ ಬಿಸಿಲಿಗೆ ಬೇಯುತ್ತದೆ. 40 ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ಇದು ಉತ್ಪ್ರೇಕ್ಷೆಯಲ್ಲ.

ನದಿ ರೀವದ ಸ್ಥಿತಿ ಜಾಗತಿಕವಾಗಿಯೂ ಚಿಂತಾಜನಕ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಪಾಯಕ್ಕೊಳಗಾಗಬಲ್ಲ ಪ್ರಭೇದಗಳ ವರ್ಗದಲ್ಲಿಟ್ಟಿದೆ. ಹೊಳೆಗಳಲ್ಲಿ ಮರಳು ದಿಬ್ಬಗಳು ಉಳಿದಿಲ್ಲ. ಜಲಾಶಯದ ನಡುಗಡ್ಡೆಗಳು ಅದರ ಆಸರೆ. ಭದ್ರಾ ಜಲಾಶಯದ ಹಿನ್ನೀರಿನ ನಡುಗಡ್ಡೆಗಳು ಇದೇ ಹಕ್ಕಿಯಿಂದ ಹೆಸರಾದವು. ಬೇಸಿಗೆಯಲ್ಲಿ ಇದರ ಕೊಕ್ಕು ತುಂಬು ಹಳದಿ, ನೆತ್ತಿ ಅಚ್ಚ ಕಪ್ಪು. ನೀರು ಹಠಾತ್ತನೆ ಏರಿದರೂ ಗೂಡು ಮುಳುಗುತ್ತದೆ, ನೀರು ತೀರ ಇಳಿದು ನಡುಗಡ್ಡೆ ದಂಡೆಗೆ ಕೂಡಿಕೊಂಡರೂ ನಾಯಿಗಳು ನಡೆದು ಬರುತ್ತವೆ. ಈ ಎರಡರ ನಡುವಿನ ಕೆಲವೇ ವಾರಗಳಲ್ಲಿ ಮರಿ ಹಾರಬೇಕು.

ತೆಪ್ಪದಲ್ಲಿ ನಡುಗಡ್ಡೆಗೆ ಹೋಗಬಹುದೇ?

ಫೆಬ್ರವರಿಯಿಂದ ಜೂನ್‌ವರೆಗೆ ಬೇಡವೇ ಬೇಡ. ಕಾರಣ ಮೇಲೆ ಹೇಳಿದೆ. ಬೇರೆ ಕಾಲದಲ್ಲೂ ಮೀನುಗಾರರ ತೆಪ್ಪದಲ್ಲಿ, ಅವರು ಒಪ್ಪಿದರೆ, ಗಾಳಿ ಏಳುವ ಮುನ್ನ, ಜೀವರಕ್ಷಕ ಜಾಕೆಟ್ ತೊಟ್ಟು ಮಾತ್ರ. ಮಧ್ಯಾಹ್ನದ ಗಾಳಿಗೆ ಹಿನ್ನೀರಿನಲ್ಲಿ ಏಳುವ ಅಲೆಗಳನ್ನು ಕಡೆಗಣಿಸಬೇಡಿ. ಹರಡಿದ ಬಲೆಗಳ ಮೇಲೆ ಹಾಯಬಾರದು, ಅದು ಅವರ ಅಂದಿನ ಅನ್ನ.

ಯಾವ ದಂಡೆ, ಯಾವ ಹೊತ್ತು?

ಬೆಳಿಗ್ಗೆ ಬಲದಂಡೆ, ಅಂದರೆ ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ. ಸೂರ್ಯ ಬೆನ್ನ ಹಿಂದಿರುತ್ತಾನೆ, ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತದೆ. ಸಂಜೆ ಎಡದಂಡೆ, ಕೊಪ್ಪಳದ ಕಡೆ. ಚಳಿಗಾಲದಲ್ಲಿ ಹತ್ತು ಗಂಟೆಯವರೆಗೂ ನೋಡಬಹುದು. ಮಾರ್ಚ್ ನಂತರ ಒಂಬತ್ತಕ್ಕೇ ನೆಲದಿಂದ ಬಿಸಿಗಾಳಿ ಎದ್ದು ದುರ್ಬೀನಿನ ನೋಟ ನಡುಗತೊಡಗುತ್ತದೆ, ಆಮೇಲೆ ದೂರದ ಗೊರವಗಳನ್ನು ಗುರುತಿಸಲು ಕೂರುವುದು ವ್ಯರ್ಥ.

ದುರ್ಬೀನು ಯಾವುದು ಕೊಳ್ಳಲಿ?

8×42, ಅಂದರೆ ಎಂಟು ಪಟ್ಟು ವರ್ಧನೆ, 42 ಮಿಲಿಮೀಟರ್ ಅಗಲದ ಮುಂಗಾಜು. ಬಯಲಿನಲ್ಲಿ 10×42 ಕೂಡ ಚೆನ್ನ, ಕೈ ಸ್ಥಿರವಾಗಿದ್ದರೆ. ಅದಕ್ಕಿಂತ ಹೆಚ್ಚಿನ ವರ್ಧನೆಯದು ಕೈಯಲ್ಲಿ ಅಲುಗಾಡುತ್ತದೆ. ಗುಂಪಿನಲ್ಲಿ ಬರುವುದಾದರೆ ಎಲ್ಲರೂ ಸೇರಿ ಮುಕ್ಕಾಲಿಯ ಮೇಲಿಡುವ ಒಂದು ಸ್ಪಾಟಿಂಗ್ ಸ್ಕೋಪ್ ತನ್ನಿ. ಹಿನ್ನೀರಿನಷ್ಟು ಅದು ಉಪಯೋಗಕ್ಕೆ ಬರುವ ಜಾಗ ಕಡಿಮೆ. ಮಕ್ಕಳ ಕೈಗೆ ಆಟಿಕೆ ದುರ್ಬೀನು ಕೊಡಬೇಡಿ, ಏನೂ ಕಾಣದೆ ಆಸಕ್ತಿಯೇ ಬತ್ತುತ್ತದೆ.

ಕ್ಯಾಮೆರಾ, ಡ್ರೋನ್?

ಕ್ಯಾಮೆರಾ ತನ್ನಿ. ಗೂಡಿನ ಚಿತ್ರ ಮತ್ತು ಗೂಡಿರುವ ಜಾಗ ಎರಡನ್ನೂ ಸಾಮಾಜಿಕ ಜಾಲತಾಣಗಳಲ್ಲಿ ಹಾಕಬೇಡಿ. ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಡ್ರೋನ್ ತರಲೇಬೇಡಿ. ಹಕ್ಕಿಗಳ ಪಾಲಿಗೆ ಅದು ಹದ್ದು, ಒಂದು ಸಲ ಮೇಲೆ ಸುಳಿದರೆ ಇಡೀ ಬಯಲು ಖಾಲಿಯಾಗುತ್ತದೆ. ಅಣೆಕಟ್ಟೆಯ ಆಸುಪಾಸು ಭದ್ರತಾ ವಲಯ, ಅಲ್ಲಿನ ಸಿಬ್ಬಂದಿ ಹೇಳಿದಂತೆ ನಡೆದುಕೊಳ್ಳಿ.

ಅಪಾಯಗಳು ಏನಿವೆ?

ಮೊದಲನೆಯದು ಕೆಸರು. ಮೇಲೆ ಒಣಗಿ ಬಿರುಕುಬಿಟ್ಟ ನೆಲ ಕಂಡು ನಡೆದರೆ ನಾಲ್ಕು ಹೆಜ್ಜೆ ಮುಂದೆ ಮೊಣಕಾಲವರೆಗೆ ಹೂತುಹೋಗಬಹುದು. ದನಕರು, ಕುರಿಗಳ ಹೆಜ್ಜೆ ಇರುವಲ್ಲಿ ಮಾತ್ರ ನಡೆಯಿರಿ, ಒಂಟಿಯಾಗಿ ಅಂಚಿಗೆ ಇಳಿಯಬೇಡಿ. ತುಂಗಭದ್ರೆಯಲ್ಲಿ ಮೊಸಳೆಗಳಿವೆ, ನೀರಿಗಿಳಿಯುವ ಯೋಚನೆ ಬಿಡಿ. ಬೇಸಿಗೆಯಲ್ಲಿ ದಂಡೆಯಲ್ಲಿ ನೆರಳೇ ಇಲ್ಲ. ತಲೆಗೆ ಟವೆಲ್ ಅಥವಾ ಟೋಪಿ, ಒಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು, ಜೊತೆಗೆ ಮಜ್ಜಿಗೆ ಇರಲಿ.

ಹಂಪಿ ನೋಡಲು ಬಂದಿದ್ದೇವೆ. ಅರ್ಧ ದಿನ ಮಾತ್ರ ಇದೆ.

ಬೆಳಿಗ್ಗೆ ಐದೂವರೆಗೆ ಹೊರಟು ಮರಿಯಮ್ಮನಹಳ್ಳಿ ಕಡೆಯ ಹಿನ್ನೀರಿಗೆ ಬನ್ನಿ, ಒಂಬತ್ತೂವರೆಗೆ ತಿಂಡಿಗೆ ಮರಳಬಹುದು. ಅಷ್ಟೂ ಸಾಧ್ಯವಿಲ್ಲವೆಂದರೆ ಹಂಪಿಯ ಹೊಳೆದಂಡೆಯಲ್ಲೇ ನಿಧಾನವಾಗಿ ನಡೆಯಿರಿ. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಬಂಡೆಗಳ ನಡುವೆ ಮಿಂಚುಳ್ಳಿ, ಹಾವಕ್ಕಿ ಖಂಡಿತ, ಅದೃಷ್ಟವಿದ್ದರೆ ನೀರುನಾಯಿಯೂ. ಬೆಂಗಳೂರಿನಿಂದ ಬರುವವರಿಗೆ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಅನುಕೂಲ.

ನೋಡಿದ್ದನ್ನು ಬರೆದಿಟ್ಟರೆ ಯಾರಿಗಾದರೂ ಪ್ರಯೋಜನವಿದೆಯೇ?

ಬಹಳ ಇದೆ. ಹಕ್ಕಿ ನೋಡಿದ್ದನ್ನು ದಾಖಲಿಸುವ ಜಾಲತಾಣ ಇ-ಬರ್ಡ್ ಉಚಿತ. ಎಲ್ಲಿ, ಎಷ್ಟು ಹೊತ್ತು, ಯಾವ ಹಕ್ಕಿ, ಎಷ್ಟು ಎಂದು ದಾಖಲಿಸಿದರೆ ಅದು ಸಂಶೋಧಕರಿಗೆ ತಲುಪುತ್ತದೆ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ, ಫೆಬ್ರವರಿಯಲ್ಲಿ ನಾಲ್ಕು ದಿನಗಳ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತವೆ, ಯಾರೂ ಸೇರಬಹುದು. ನನ್ನದೊಂದು ಕೋರಿಕೆ: ಟಿಪ್ಪಣಿಯಲ್ಲಿ ಆ ದಿನದ ಜಲಾಶಯದ ಮಟ್ಟವನ್ನೂ ಬರೆಯಿರಿ. ಸಾವಿರ ಬಾತು ಕಂಡ ವರ್ಷಕ್ಕೂ ನೂರು ಕಂಡ ವರ್ಷಕ್ಕೂ ವ್ಯತ್ಯಾಸ ಹಕ್ಕಿಯ ಸಂಖ್ಯೆಯದೋ ನೀರಿನದೋ ಎಂದು ಮುಂದೆ ತಿಳಿಯಬೇಕಾದರೆ ಆ ಒಂದು ಅಂಕಿ ಬೇಕೇ ಬೇಕು. ಹಕ್ಕಿ ಕಾಣದ ದಿನವನ್ನೂ ದಾಖಲಿಸಿ.

ಬಲೆಗೆ ಸಿಕ್ಕ, ಗಾಯಗೊಂಡ ಅಥವಾ ಸತ್ತ ಹಕ್ಕಿ ಕಂಡರೆ?

ಬಲೆಗೆ ಸಿಕ್ಕಿದ್ದರೆ ಮೊದಲು ಹತ್ತಿರದ ಮೀನುಗಾರರನ್ನು ಕರೆಯಿರಿ. ಬಲೆ ಅವರದು, ಬಿಡಿಸುವ ಕೈಚಳಕವೂ ಅವರದು. ಬಕ, ಹಾವಕ್ಕಿ ಜಾತಿಯವು ಹೆದರಿ ಕಣ್ಣಿಗೇ ಕುಕ್ಕುತ್ತವೆ, ಹಾಗಾಗಿ ತಲೆಯ ಮೇಲೆ ಬಟ್ಟೆ ಹಾಕಿದ ನಂತರವೇ ಮುಟ್ಟಬೇಕು. ಗಾಯವಿದ್ದರೆ ರಟ್ಟಿನ ಪೆಟ್ಟಿಗೆಯಲ್ಲಿ ನೆರಳಿನಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಕಾಡುಹಕ್ಕಿಯನ್ನು ಮನೆಗೆ ಒಯ್ದು ಸಾಕುವಂತಿಲ್ಲ. ಒಂದೇ ಕಡೆ ಹಲವು ಹಕ್ಕಿಗಳು ಸತ್ತುಬಿದ್ದಿದ್ದರೆ ಯಾವುದನ್ನೂ ಮುಟ್ಟದೆ, ನಾಯಿಗಳನ್ನು ದೂರವಿಟ್ಟು, ಅರಣ್ಯ ಇಲಾಖೆಗೂ ಪಶುಪಾಲನಾ ಇಲಾಖೆಗೂ ಅಂದೇ ತಿಳಿಸಿ. ಸ್ಥಳ, ಹೊತ್ತು, ಹಕ್ಕಿಯ ಜಾತಿ, ಸಂಖ್ಯೆ ಬರೆದುಕೊಡಿ, ದೂರದಿಂದ ತೆಗೆದ ಫೋಟೊ ಇದ್ದರೆ ಕಳಿಸಿ.